ಬಾಸ್ಟನ್ ಲ್ಯಾಟಿನ್ ಸ್ಕೂಲಿನ ಸೀಟು ಯಾರಿಗೆ? 1635ರಿಂದ ನಡೆದು ಬಂದ ಜಗಳ

ಬಾಸ್ಟನ್ ನಗರದ ಹಳೇ ಪೇಟೆ ಭಾಗದಲ್ಲಿ ಸ್ಕೂಲ್ ಸ್ಟ್ರೀಟ್ ಅಂತ ಒಂದು ಪುಟ್ಟ ರಸ್ತೆ ಇದೆ. ಅಲ್ಲಿನ ಹಳೇ ಸಿಟಿ ಹಾಲ್ ಎದುರು ಫುಟ್‌ಪಾತಿನ ಮೇಲೆ ಕುಂಟೆಬಿಲ್ಲೆಯ ಮನೆಗಳು ಕಾಣುತ್ತವೆ. ಸೀಮೆಸುಣ್ಣದಲ್ಲಿ ಬರೆದಿದ್ದಲ್ಲ, ಬಣ್ಣಬಣ್ಣದ ಚೂರುಗಳನ್ನು ನೆಲಕ್ಕೆ ಕೂರಿಸಿ ಮಾಡಿದ್ದು. ಸುತ್ತ ಅಕ್ಷರಗಳು, ಆಟ ಆಡುವ ಮಕ್ಕಳ ಚಿತ್ರಗಳು. ಅಮೆರಿಕದ ಅತ್ಯಂತ ಹಳೆಯ ಸರ್ಕಾರಿ ಶಾಲೆ ಇದ್ದ ಜಾಗ ಇದು ಅಂತ ತಿಳಿಸಲು 1983ರಲ್ಲಿ ಹಾಕಿಸಿದ ಕಲಾಕೃತಿ ಅದು. ಪಕ್ಕದಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ಪ್ರತಿಮೆ. ಆ ಶಾಲೆಗೆ ಸೇರಿ, ಓದು ಮುಗಿಸದೆಯೇ ಬಿಟ್ಟು ಹೋದ ಹುಡುಗ ಅವನು.

ಶಾಲೆಯ ಕಟ್ಟಡ ಅಲ್ಲಿಲ್ಲ, ಆದರೆ ಶಾಲೆ ಇನ್ನೂ ನಡೆಯುತ್ತಿದೆ. ಹೆಸರು ಬಾಸ್ಟನ್ ಲ್ಯಾಟಿನ್ ಸ್ಕೂಲ್. ಹಲವು ಸಲ ಜಾಗ ಬದಲಾಯಿಸಿ 1922ರಲ್ಲಿ ಲೂಯಿ ಪಾಶ್ಚರ್ ಅವೆನ್ಯೂಗೆ ಬಂತು. ಅಂದಿನಿಂದ ಅಲ್ಲೇ ಇದೆ. ಏಳರಿಂದ ಹನ್ನೆರಡನೇ ಕ್ಲಾಸಿನವರೆಗೆ ಸುಮಾರು 2,400 ಮಕ್ಕಳು ಓದುತ್ತಾರೆ. ಫೀಸು ಇಲ್ಲ. ಬಾಸ್ಟನ್ ನಗರದಲ್ಲಿ ವಾಸ ಇರಬೇಕು, ಜೊತೆಗೆ ಆಯ್ಕೆಯಲ್ಲಿ ಗೆಲ್ಲಬೇಕು. ಈ ‘ಆಯ್ಕೆ’ ಅನ್ನೋ ಮಾತಿನ ಮೇಲೆಯೇ ಅಲ್ಲಿ ಐವತ್ತು ವರ್ಷದಿಂದ ಕೋರ್ಟಿನಲ್ಲಿ ಜಗಳ. ಕೋರ್ಟಿನ ಆಚೆ ನೋಡಿದರೆ ಅದಕ್ಕಿಂತಲೂ ತುಂಬಾ ಹಳೆಯದು.

ಶುರುವಾದದ್ದು 1635ರಲ್ಲಿ. ಇಂಗ್ಲೆಂಡಿನಿಂದ ಬಂದಿದ್ದ ಪ್ಯೂರಿಟನ್ ಪಂಥದವರು ಊರಿನ ಸಭೆ ಸೇರಿಸಿ, ಫಿಲೆಮನ್ ಪೋರ್ಮೋರ್ಟ್ ಅನ್ನುವವರನ್ನು ಮೇಷ್ಟ್ರಾಗಿ ಅಂತ ಕೇಳಿಕೊಂಡರು. ಹಾರ್ವರ್ಡ್ ಹುಟ್ಟಿದ್ದು ಅದರ ಮರುವರ್ಷ. ಅಮೆರಿಕ ಒಂದು ದೇಶವಾಗುವುದಕ್ಕೆ ಇನ್ನೂ 141 ವರ್ಷ ಇತ್ತು. ಓದು ಅಂದರೆ ಲ್ಯಾಟಿನ್ ಮತ್ತು ಗ್ರೀಕ್. ಬಾಯಿಪಾಠ, ಮತ್ತೆ ಬಾಯಿಪಾಠ. ಎಝಿಕಿಯಲ್ ಚೀವರ್ ಅನ್ನುವ ಮೇಷ್ಟ್ರು ಇಲ್ಲಿಯೇ ಸುಮಾರು 38 ವರ್ಷ ಪಾಠ ಮಾಡಿ, ತೊಂಬತ್ತು ದಾಟಿದ ಮೇಲೂ ಕೆಲಸದಲ್ಲಿದ್ದು 1708ರಲ್ಲಿ ತೀರಿಕೊಂಡರು. ಊರಿನ ಹಣದಲ್ಲಿ ನಡೆಯುವ ಶಾಲೆ, ಬಡವರ ಹುಡುಗನೂ ಬರಬಹುದು. ಆ ಕಾಲಕ್ಕೆ ಅದು ದೊಡ್ಡ ಮಾತೇ. ಆದರೆ ಬರಬಹುದಾಗಿದ್ದು ಹುಡುಗ ಮಾತ್ರ.

ಈ ಶಾಲೆಯ ಕಥೆ ಹೇಳುವವರು ಯಾರೂ 1775ರ ಏಪ್ರಿಲ್ 19ನ್ನು ಬಿಡುವುದಿಲ್ಲ. ಹೆಡ್‌ಮಾಸ್ಟರ್ ಜಾನ್ ಲವೆಲ್ ಬ್ರಿಟಿಷ್ ರಾಜನ ಕಡೆಯವರು. ಅದೇ ಶಾಲೆಯಲ್ಲಿ ಸಹಾಯಕ ಮೇಷ್ಟ್ರಾಗಿದ್ದ ಅವರ ಮಗ ಜೇಮ್ಸ್ ಕ್ರಾಂತಿಯ ಕಡೆ. ಅಪ್ಪ ಮಗ ಒಂದೇ ಕೋಣೆಯ ಎರಡು ತುದಿಯಲ್ಲಿ ಕೂತು ಪಾಠ ಹೇಳುತ್ತಿದ್ದರಂತೆ. ಆ ದಿನ ಬೆಳಿಗ್ಗೆ ಬ್ರಿಟಿಷರ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ ಸುದ್ದಿ ಬಂತು. ಲವೆಲ್ ಮಕ್ಕಳಿಗೆ ಹೇಳಿದ್ದು ಇಷ್ಟೇ: ಯುದ್ಧ ಶುರುವಾಯಿತು, ಶಾಲೆ ಮುಗಿಯಿತು, ಪುಸ್ತಕ ಕೆಳಗಿಡಿ. ಕೊನೆಯ ಮಾತನ್ನು ಲ್ಯಾಟಿನ್‌ನಲ್ಲೇ ಹೇಳಿದರಂತೆ: ‘ಡೆಪೋನಿತೆ ಲಿಬ್ರೋಸ್’. ಮರುವರ್ಷ ಅಪ್ಪ ಬ್ರಿಟಿಷ್ ಸೈನ್ಯದ ಜೊತೆ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಹೊರಟರು. ಮಗ ಅದೇ ಊರಿಗೆ ಹೋದದ್ದು ಕೈದಿಯಾಗಿ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಐವರು ಈ ಶಾಲೆಯಲ್ಲಿ ಓದಿದವರು. ಶಾಲೆ ಅದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ, ಹೇಳಿಕೊಳ್ಳಲೂಬೇಕು.

ನನಗೆ ಇದಕ್ಕಿಂತ ಜಾಸ್ತಿ ಮನಸ್ಸಿಗೆ ತಟ್ಟುವುದು ಆಮೇಲಿನ ಕಥೆ. 1877ರಲ್ಲಿ ಬಾಸ್ಟನ್‌ನ ಕೆಲವು ಹೆಂಗಸರು ಅರ್ಜಿ ಹಾಕಿದರು. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಆಗಷ್ಟೇ ತೆರೆಯುತ್ತಿತ್ತು. ಕಾಲೇಜು ಸೇರಲು ಲ್ಯಾಟಿನ್, ಗ್ರೀಕ್ ಬೇಕು. ಅದನ್ನು ಬಿಟ್ಟಿಯಾಗಿ ಕಲಿಸುವ ಶಾಲೆ ಊರಿನಲ್ಲೇ ಇದೆ. ನಮ್ಮ ಮಕ್ಕಳನ್ನೂ ಸೇರಿಸಿಕೊಳ್ಳಿ ಅಂದರು. ನ್ಯಾಯವಾದ ಮಾತು, ಅಲ್ವಾ? ಆದರೆ ಹುಡುಗರ ಪಕ್ಕ ಹುಡುಗಿಯರನ್ನು ಕೂರಿಸಲು ದೊಡ್ಡವರು ಒಪ್ಪಲಿಲ್ಲ. ಅದರ ಬದಲು ಬೇರೆಯದೇ ಒಂದು ಗರ್ಲ್ಸ್ ಲ್ಯಾಟಿನ್ ಸ್ಕೂಲ್ ಮಾಡಿಕೊಟ್ಟರು. ಆ ‘ಬೇರೆ’ ವ್ಯವಸ್ಥೆ ಹತ್ತಿರ ಹತ್ತಿರ ನೂರು ವರ್ಷ ಹಾಗೇ ಉಳಿಯಿತು.

ಅದರ ಪರಿಣಾಮ ಏನಾಗಿತ್ತು ಅನ್ನುವುದಕ್ಕೆ ಎರಡು ಅಂಕಿ ಸಾಕು. 1970ರಲ್ಲಿ ಪ್ರವೇಶ ಪರೀಕ್ಷೆ ಬರೆದ ಹುಡುಗನಿಗೆ 200ಕ್ಕೆ 120 ಬಂದರೆ ಸೀಟು. ಹುಡುಗಿಗೆ 133 ಬೇಕು. ಅದೇ ಪರೀಕ್ಷೆ, ಅದೇ ಪ್ರಶ್ನೆ. ಹುಡುಗರ ಶಾಲೆಯ ಕಟ್ಟಡ ದೊಡ್ಡದು, ಹುಡುಗಿಯರದು ಅದರ ಅರ್ಧ. ಕಾರಣ ಅಷ್ಟೇ. 125 ತೆಗೆದ ಹುಡುಗಿ ಮನೆಗೆ, 121 ತೆಗೆದ ಹುಡುಗ ಒಳಗೆ. ಇದನ್ನು ಪ್ರಶ್ನಿಸಿದ ಕೇಸಿನಲ್ಲಿ 1972ರಲ್ಲಿ ಫೆಡರಲ್ ಕೋರ್ಟು ಹುಡುಗಿಯರಿಗೆ ಅನ್ಯಾಯವಾಗಿದೆ ಅಂತ ತೀರ್ಪು ಕೊಟ್ಟಿತು. ಲಿಂಗದ ಆಧಾರದ ಮೇಲೆ ಸರ್ಕಾರಿ ಶಾಲೆಗಳಲ್ಲಿ ಭೇದ ಮಾಡಬಾರದು ಅನ್ನುವ ಕಾನೂನೂ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅಷ್ಟರಲ್ಲಿ ಬಂದಿತ್ತು. ಅದೇ ವರ್ಷ ಲ್ಯಾಟಿನ್ ಸ್ಕೂಲಿಗೆ ಮೊದಲ ಸಲ ಹುಡುಗಿಯರು ಕಾಲಿಟ್ಟರು. ಶಾಲೆ ಶುರುವಾಗಿ ಆಗ 337 ವರ್ಷ.

ಇದೆಲ್ಲದರ ನಡುವೆ ಶಾಲೆಯೊಳಗಿನ ಮಕ್ಕಳೂ ಬದಲಾಗುತ್ತಾ ಬಂದಿದ್ದರು. 19ನೇ ಶತಮಾನದ ಕೊನೆಯ ಹೊತ್ತಿಗೆ ಐರಿಷ್ ಮನೆಗಳ, ಯೆಹೂದಿ ಮನೆಗಳ ಹುಡುಗರು ಬರತೊಡಗಿದರು. ಸಂಗೀತಗಾರ ಲಿಯೊನಾರ್ಡ್ ಬರ್ನ್‌ಸ್ಟೀನ್ 1935ರಲ್ಲಿ ಇಲ್ಲಿ ಓದು ಮುಗಿಸಿದರು. ಅವರ ಅಪ್ಪ ಅಮ್ಮ ವಲಸೆ ಬಂದವರು. ಇಂಥ ಮನೆಗಳಿಗೆ ಈ ಶಾಲೆ ಮೇಲೇರುವ ಏಣಿ ಆಗಿತ್ತು. ಆಗ ಒಳಗೆ ಬರುವುದು ಅಷ್ಟು ಕಷ್ಟವಿರಲಿಲ್ಲ, ಉಳಿದುಕೊಳ್ಳುವುದು ಕಷ್ಟ. ಫೇಲ್ ಆಗಿ ಬಿಟ್ಟು ಹೋಗುವವರೇ ತುಂಬಾ ಮಂದಿ. ಒಳಗೆ ಬರುವುದಕ್ಕೇ ಪರೀಕ್ಷೆ ಬಂದದ್ದು 1960ರ ದಶಕದಲ್ಲಿ. ಅಲ್ಲಿಂದ ಜಗಳದ ಜಾಗ ತರಗತಿಯಿಂದ ಗೇಟಿಗೆ ಬಂತು.

ಹುಡುಗಿಯರು ಬಂದ ಎರಡೇ ವರ್ಷಕ್ಕೆ ದೊಡ್ಡ ಬಿರುಗಾಳಿ. ಬಾಸ್ಟನ್‌ನ ಶಾಲಾ ಆಡಳಿತ ಬೇಕಂತಲೇ ಕಪ್ಪು ಮಕ್ಕಳನ್ನು ಬೇರೆ ಶಾಲೆಗಳಲ್ಲಿ ಇಟ್ಟಿದೆ ಅಂತ 1974ರಲ್ಲಿ ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ತೀರ್ಪು ಕೊಟ್ಟರು. ಮಕ್ಕಳನ್ನು ಬಸ್ಸಿನಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಳಿಸುವ ಆದೇಶ ಬಂತು. ಊರಿನಲ್ಲಿ ಗಲಾಟೆಯೋ ಗಲಾಟೆ, ಬಸ್ಸುಗಳಿಗೆ ಕಲ್ಲೇಟು. ಪರೀಕ್ಷೆಯ ಮೂಲಕ ಸೇರುವ ಶಾಲೆಗಳಿಗೆ ಮಾತ್ರ ಬೇರೆ ನಿಯಮ: ಹೊಸದಾಗಿ ಸೇರುವವರಲ್ಲಿ ಕನಿಷ್ಠ ಶೇ. 35 ಮಂದಿ ಕಪ್ಪು ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳಿರಬೇಕು. ಸುಮಾರು ಇಪ್ಪತ್ತು ವರ್ಷ ಹಾಗೇ ನಡೆಯಿತು. 1995ರಲ್ಲಿ ಸೀಟು ಸಿಗದ ಒಬ್ಬ ಬಿಳಿ ಹುಡುಗಿಯ ಅಪ್ಪ ಕೋರ್ಟಿಗೆ ಹೋದರು. ಅವಳಿಗೆ ಸೀಟು ಸಿಕ್ಕಿತು, ಮೀಸಲು ನಿಂತುಹೋಯಿತು. ಅದರ ಬದಲು ತಂದ ಇನ್ನೊಂದು ಲೆಕ್ಕಾಚಾರವೂ 1998ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಬಿದ್ದುಹೋಯಿತು. ಆಮೇಲೆ ಉಳಿದದ್ದು ಪರೀಕ್ಷೆಯ ಅಂಕ ಮತ್ತು ಶಾಲೆಯ ಗ್ರೇಡು, ಅಷ್ಟೇ.

ಅಂಕ ಅಂದರೆ ಎಲ್ಲರಿಗೂ ಒಂದೇ, ಅದರಲ್ಲಿ ತಪ್ಪೇನು ಅಂತ ಕೇಳಬಹುದು. ಆದರೆ ಆ ಪರೀಕ್ಷೆ ಮೂಲದಲ್ಲಿ ಖಾಸಗಿ ಶಾಲೆಗಳ ಪ್ರವೇಶಕ್ಕೆ ಅಂತ ಮಾಡಿದ್ದು. ಆರನೇ ಕ್ಲಾಸು ಶುರುವಾದ ಕೆಲವೇ ತಿಂಗಳಿಗೆ ಬರೆಯಬೇಕಿತ್ತು. ಸರ್ಕಾರಿ ಶಾಲೆಯ ಮಗುವಿಗೆ ಅಷ್ಟು ಹೊತ್ತಿಗೆ ಕ್ಲಾಸಿನಲ್ಲಿ ಮುಗಿಸದೇ ಇದ್ದ ಪಾಠವೂ ಅದರಲ್ಲಿ ಬರುತ್ತಿತ್ತು. ದುಡ್ಡಿದ್ದವರು ಕೋಚಿಂಗ್‌ಗೆ ಹಾಕುತ್ತಿದ್ದರು. 2016ರ ಹೊತ್ತಿಗೆ ಬಾಸ್ಟನ್ ಸರ್ಕಾರಿ ಶಾಲೆಗಳ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರು ಕಪ್ಪು ಅಥವಾ ಲ್ಯಾಟಿನೊ. ಲ್ಯಾಟಿನ್ ಸ್ಕೂಲಿನಲ್ಲಿ ಐವರಲ್ಲಿ ಒಬ್ಬರು. ಕಲಿಸದ ಪಾಠಕ್ಕೆ ಅಂಕ ಕೇಳುವುದನ್ನು ನಾನಂತೂ ಅಳತೆ ಅಂತ ಕರೆಯಲಾರೆ.

ಆ ವರ್ಷದ ಜನವರಿಯಲ್ಲಿ ಶಾಲೆಯ ಇಬ್ಬರು ಕಪ್ಪು ವಿದ್ಯಾರ್ಥಿನಿಯರು ಒಂದು ವಿಡಿಯೊ ಹಾಕಿದರು. ಇಲ್ಲಿ ನಮ್ಮನ್ನು ಹೀಯಾಳಿಸುತ್ತಾರೆ, ಹೇಳಿಕೊಂಡರೆ ಕೇಳುವವರಿಲ್ಲ ಅಂತ ನೇರವಾಗಿ ಹೇಳಿದರು. ಫೆಡರಲ್ ತನಿಖೆ ನಡೆಯಿತು. ಹೆಡ್‌ಮಾಸ್ಟರ್ ರಾಜೀನಾಮೆ ಕೊಟ್ಟರು. 2017ರಲ್ಲಿ ಇದೇ ಶಾಲೆಯಲ್ಲಿ ಓದಿದ್ದ ರೇಚಲ್ ಸ್ಕೆರಿಟ್ ಮುಖ್ಯಸ್ಥೆಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಕಪ್ಪು ವ್ಯಕ್ತಿ ಅವರು.

ಆಮೇಲೆ ಕೊರೋನಾ ಬಂತು. ಮಕ್ಕಳನ್ನು ಕೂರಿಸಿ ಪರೀಕ್ಷೆ ಮಾಡುವ ಹಾಗಿರಲಿಲ್ಲ. ಒಂದು ವರ್ಷದ ಮಟ್ಟಿಗೆ ಪರೀಕ್ಷೆ ಬಿಟ್ಟು, ಶೇ. 20 ಸೀಟುಗಳನ್ನು ಇಡೀ ನಗರದ ಗ್ರೇಡುಗಳ ಮೇಲೆ ಕೊಟ್ಟರು. ಉಳಿದ ಶೇ. 80 ಸೀಟುಗಳನ್ನು ಬಡಾವಣೆಗಳ ಪಿನ್‌ಕೋಡ್ ಪ್ರಕಾರ ಹಂಚಿದರು. ಕೆಲವು ಬಿಳಿ ಮತ್ತು ಏಷ್ಯನ್ ಮೂಲದ ಪೋಷಕರು ಒಟ್ಟಾಗಿ ಕೋರ್ಟಿಗೆ ಹೋದರು. ಅವರಲ್ಲೂ ದುಡಿದು ತಿನ್ನುವ ವಲಸೆ ಕುಟುಂಬಗಳಿದ್ದವು. ಅವರ ಸಂಕಟ ಸುಳ್ಳಲ್ಲ. 2023ರಲ್ಲಿ ಮೇಲ್ಮನವಿ ಕೋರ್ಟು ನಗರದ ಪರ ನಿಂತಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಅಷ್ಟರಲ್ಲಿ ಪರೀಕ್ಷೆ ಮತ್ತೆ ಬಂದಿತ್ತು, ಆದರೆ ಬೇರೆ ರೂಪದಲ್ಲಿ. ಮನೆ ಇರುವ ಜಾಗದ ಸ್ಥಿತಿಗತಿ ನೋಡಿ ನಗರವನ್ನು ಎಂಟು ಗುಂಪು ಮಾಡಿ, ಒಂದೊಂದು ಗುಂಪಿನ ಮಕ್ಕಳು ತಮ್ಮತಮ್ಮಲ್ಲೇ ಸ್ಪರ್ಧಿಸುವಂತೆ ಮಾಡಿದರು. ಆ ಲೆಕ್ಕವನ್ನೂ ಆಮೇಲೆ ತಿದ್ದುತ್ತಾ ಬಂದಿದ್ದಾರೆ.

ಹಾಗಾದರೆ ಬದಲಾಗದೆ ಉಳಿದದ್ದೇನು? ಲ್ಯಾಟಿನ್ ಇವತ್ತಿಗೂ ಕಡ್ಡಾಯ. ಅದೇ ಊರಿನ ‘ಇಂಗ್ಲಿಷ್ ಹೈಸ್ಕೂಲ್’ ಅನ್ನುವ ಶಾಲೆಯ ಜೊತೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಅಮೆರಿಕನ್ ಫುಟ್‌ಬಾಲ್ ಪಂದ್ಯ 1887ರಿಂದ ನಡೆಯುತ್ತಿದೆ. ಕ್ಲಾಸುಗಳನ್ನು ಎಣಿಸುವುದು ಹಿಂದಿನಿಂದ ಮುಂದಕ್ಕೆ. ಹೊಸದಾಗಿ ಬರುವ ಏಳನೇ ಕ್ಲಾಸಿನವರು ಆರನೇ ತರಗತಿ, ಕೊನೆಯ ವರ್ಷದವರು ಒಂದನೇ ತರಗತಿ. ಹೊಸಬರನ್ನು ಎಲ್ಲರೂ ‘ಸಿಕ್ಸೀ’ ಅನ್ನುತ್ತಾರೆ. ಆ ಸಿಕ್ಸೀಗಳು ಬಂದ ವರ್ಷವೇ ಒಂದು ಭಾಷಣವನ್ನೋ ಪದ್ಯವನ್ನೋ ಕಂಠಪಾಠ ಮಾಡಿ, ಇಡೀ ಕ್ಲಾಸಿನ ಎದುರು ನಿಂತು, ಕಾಗದ ನೋಡದೆ ಹೇಳಬೇಕು. ಅದಕ್ಕೆ ಡಿಕ್ಲಮೇಶನ್ ಅಂತ ಹೆಸರು. ಚೆನ್ನಾಗಿ ಹೇಳಿದವರು ದೊಡ್ಡ ಸಭಾಂಗಣದ ವೇದಿಕೆಗೆ ಹೋಗುತ್ತಾರೆ. ಅಲ್ಲಿ ಗೋಡೆಯ ಮೇಲ್ಭಾಗದ ಸುತ್ತ ಹಳೇ ವಿದ್ಯಾರ್ಥಿಗಳ ಹೆಸರುಗಳು, ಓದು ಅರ್ಧಕ್ಕೇ ಬಿಟ್ಟ ಫ್ರಾಂಕ್ಲಿನ್‌ನದೂ ಸೇರಿ. ಕೆಳಗೆ ವೇದಿಕೆಯ ಮೇಲೆ ಹನ್ನೆರಡು ವರ್ಷದ ಒಬ್ಬ ಹುಡುಗಿ ಕೈ ಕಟ್ಟದೆ, ಗಂಟಲು ಸರಿಮಾಡಿಕೊಂಡು, ಮೊದಲ ಸಾಲು ಶುರು ಮಾಡುತ್ತಾಳೆ.