ಸ್ವಿಂಗ್ ಅಡಗಿರುವುದು ಆ ಪುಟ್ಟ 'ಗ'ದಲ್ಲಿ

"ಒಂದು ಬೀಟನ್ನು ಮೂರು ಸಮಪಾಲು ಮಾಡು. ಒಂದನೆಯದನ್ನೂ ಮೂರನೆಯದನ್ನೂ ಹೊಡಿ. ಸ್ವಿಂಗ್ ಅಂದ್ರೆ ಇಷ್ಟೇ." ಜಾಝ್ ಸಂಗೀತಕ್ಕೆ ಕುಣಿತ ತರುವ ಲಯವೇ ಸ್ವಿಂಗ್. ಜಾಝ್ ಡ್ರಮ್ಸ್ ಕಲಿಯುವಾಗ ನನಗೂ ಅದನ್ನು ಹೀಗೇ ಹೇಳಿಕೊಟ್ಟರು. ವರ್ಷಗಟ್ಟಲೆ ಹಾಗೇ ನುಡಿಸಿದೆ. ಲೆಕ್ಕ ಸರಿಯಿತ್ತು, ಕುಣಿತ ಬರಲಿಲ್ಲ. ಈ ಪಾಠ ಇನ್ನೂ ನಡೆಯುತ್ತಲೇ ಇದೆ ಎಂಬುದು ನನಗೆ ನಿಜಕ್ಕೂ ಬೇಸರದ ವಿಷಯ.

ರೈಡ್ ಸಿಂಬಲ್, ಅಂದರೆ ಡ್ರಮ್ಮರ್ ಕೋಲಿನಿಂದ ತಾಳ ಹಿಡಿಯುವ ದೊಡ್ಡ ಲೋಹದ ತಟ್ಟೆ, ಅದರ ಮೇಲೆ ಕೇಳಿಸುವುದು 'ಡಿಂಗ್, ಡಿಂಗ್-ಗ, ಡಿಂಗ್, ಡಿಂಗ್-ಗ'. ಆ 'ಗ' ಇದೆಯಲ್ಲ, ಗುಟ್ಟೆಲ್ಲ ಅಲ್ಲೇ ಇದೆ. ಟೋನಿ ವಿಲಿಯಮ್ಸ್, ಜಾಕ್ ಡಿಜಾನೆಟ್‌ರಂಥ ಡ್ರಮ್ಮರ್‌ಗಳ ರೆಕಾರ್ಡಿಂಗ್‌ಗಳನ್ನು ಅಳೆದ ಒಂದು ಅಧ್ಯಯನ 2002ರಲ್ಲಿ ಬಂತು. 'ಗ'ದಿಂದ ಮುಂದಿನ ಡಿಂಗ್‌ಗೆ ಹೋಗುವ ಸಮಯ, ಮಧ್ಯಮ ವೇಗದಿಂದ ಮೇಲಕ್ಕೆ, ಸುಮಾರು 100 ಮಿಲಿಸೆಕೆಂಡಿಗೆ ಬಂದು ನಿಂತುಬಿಡುತ್ತದೆ!

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 150 ಬೀಟ್ ಇದ್ದರೆ ಒಂದು ಬೀಟ್ 400 ಮಿಲಿಸೆಕೆಂಡು. 'ಗ'ದ ಪಾಲು 100, ಉಳಿದದ್ದು 300. ಅಂದರೆ 3:1. ವೇಗ 200 ಆದಾಗ 2:1, ಪಾಠದಲ್ಲಿ ಹೇಳಿದ ಆ ಮೂರು ಪಾಲು. 300ಕ್ಕೆ ಹೋದರೆ 1:1, ಎರಡೂ ಸಮ. ಮೂರು ಪಾಲಿನ ನಿಯಮ ದಾರಿಯಲ್ಲಿ ಸಿಗುವ ಒಂದು ನಿಲ್ದಾಣ, ಅಷ್ಟೇ.

ಯಾಕೆ ಹೀಗೆ? 'ಗ' ಹಿಂದಿನ ಡಿಂಗ್‌ನ ಬಾಲವಲ್ಲ, ಮುಂದಿನ ಡಿಂಗ್‌ನ ಹೊಸ್ತಿಲು. ನಿಧಾನವಾಗಿ ನಡೆದು ಬಂದರೂ ಓಡಿ ಬಂದರೂ ಹೊಸ್ತಿಲಿನ ಅಗಲ ಅಷ್ಟೇ ಅಲ್ವಾ? ಹಳ್ಳ ಹಾರುವವನು ಕೊನೆಯಲ್ಲಿ ಇಡುವ ಗಿಡ್ಡ ಹೆಜ್ಜೆಯೂ ಇಂಥದ್ದೇ. ಸೀನುವ ಮುಂಚೆ ಎಳೆದುಕೊಳ್ಳುವ ಉಸಿರೂ ಇಂಥದ್ದೇ. ಕೈಯಲ್ಲೂ ಇದನ್ನು ನೋಡಬಹುದು. 'ಗ'ಕ್ಕೆ ಮಣಿಕಟ್ಟಿನಿಂದ ಕೋಲನ್ನು ಸಡಿಲವಾಗಿ ಎಸೆಯಿರಿ. ಅದು ಪುಟಿಯುತ್ತದೆ. ಪುಟಿದದ್ದನ್ನು ಬೆರಳುಗಳು ಒಳಗೆ ಮಡಚಿ ಹಿಡಿದಾಗ ಡಿಂಗ್ ಬೀಳುತ್ತದೆ. ಎಸೆತ ಒಂದೇ, ಪೆಟ್ಟು ಎರಡು. ಬಿಗಿ ಹಿಡಿದರೆ ಪುಟಿತ ಸತ್ತುಹೋಗುತ್ತದೆ.

ತಾಳ ಸಿಂಬಲ್‌ಗೆ ಬಂದದ್ದೇ ಒಂದು ಕಥೆ. ಮೊದಲೆಲ್ಲ ಕಾಲಿನಿಂದ ಬಾರಿಸುವ ದೊಡ್ಡ ಬೇಸ್ ಡ್ರಮ್ಮೇ ತಾಳ ಹಿಡಿಯುತ್ತಿತ್ತು. 1930ರ ದಶಕದಲ್ಲಿ ಕೌಂಟ್ ಬೇಸಿಯ ತಂಡದ ಡ್ರಮ್ಮರ್ ಜೋ ಜೋನ್ಸ್ ಅದನ್ನು ಹೈ-ಹ್ಯಾಟ್‌ಗೆ, ಅಂದರೆ ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್‌ಗೆ, ತಂದರು. 1940ರ ಆಸುಪಾಸಿನಲ್ಲಿ ಕೆನ್ನಿ ಕ್ಲಾರ್ಕ್ ರೈಡ್‌ಗೆ ಒಯ್ದರು. ಆಮೇಲೆ 'ಗ' ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸತೊಡಗಿತು.

ಅದು ಕೇಳಿಸುವುದು ಎಷ್ಟು ಮುಖ್ಯ ಎಂದು ಜರ್ಮನಿಯ ಗೋಟಿಂಗನ್‌ನ ಸಂಶೋಧಕರು 2022ರಲ್ಲಿ ತೋರಿಸಿದರು. ಸೋಲೋ ನುಡಿಸುವವರು ಡಿಂಗ್‌ಗೆ ಕೂದಲೆಳೆಯಷ್ಟು ತಡವಾಗಿ ಬರುತ್ತಾರೆ, ಆದರೆ 'ಗ'ದಲ್ಲಿ ಡ್ರಮ್ಮರ್ ಜೊತೆ ಸರಿಯಾಗಿ ಕೂಡುತ್ತಾರೆ. ಹೀಗೆ ಹೊಂದಿಸಿದ ಸಂಗೀತದಲ್ಲೇ ಜಾಸ್ತಿ ಸ್ವಿಂಗ್ ಇದೆ ಎಂದು ಕೇಳಿದ ಸಂಗೀತಗಾರರು ಹೇಳಿದರು.

ಹಾಗಾಗಿ ಟಿಕ್ ಟಿಕ್ ಎಂದು ವೇಗ ತೋರಿಸುವ ಮೆಟ್ರೋನೋಮನ್ನು ನಿಮಿಷಕ್ಕೆ 75ಕ್ಕೆ ಇಡಿ. ಅದರ ಟಿಕ್‌ಗಳನ್ನು ನಾಲ್ಕು ಬೀಟ್‌ಗಳಲ್ಲಿ ಎರಡನೆಯ, ನಾಲ್ಕನೆಯ ಬೀಟ್ ಅಂದುಕೊಳ್ಳಿ, ಆಗ ವೇಗ 150 ಆಗುತ್ತದೆ. ಮೊದಲು ಬಾಯಲ್ಲಿ 'ಗ-ಡಿಂಗ್' ಹಾಡಿ, ಆಮೇಲೆ ಕೋಲು ಹಿಡಿಯಿರಿ. ಸ್ಯಾಕ್ಸೊಫೋನ್ ಹಿಂದೆ ಉಳಿದಂತೆ ಕೇಳಿಸಿದರೆ ಸುಮ್ನೆ ಅದಕ್ಕಾಗಿ ನಿಧಾನ ಮಾಡಬೇಡಿ. 'ಗ' ಬರುವಷ್ಟರಲ್ಲಿ ಅದು ನಿಮ್ಮ ಜೊತೆಗಿರುತ್ತದೆ.