ಮೀನು ಓಡುವಾಗ ನಾಬ್ ಬಿಗಿಯಬೇಡಿ

ರಜೆಗೆಂದು ಸಮುದ್ರಕ್ಕೆ ಹೋಗಿ ಗಾಳ ಹಾಕಿ ಬಂದವರು ದಾರ ಸುತ್ತುವ ರೀಲನ್ನು ರಿಪೇರಿಗೆಂದು ನನ್ನ ಮೇಜಿನ ಮೇಲೆ ಇಟ್ಟು ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: “ಒಳ್ಳೇ ಮೀನು ಸಿಕ್ಕಿತ್ತು ಸರ್. ದಾರ ಕಳಪೆ, ತುಂಡಾಯ್ತು.” ದಾರ ನಿಜಕ್ಕೂ ಕಳಪೆಯಾಗಿರುವುದು ಅಪರೂಪ. ಹಾಗಾಗಿ ನಾನು ದಾರಕ್ಕಿಂತ ಮೊದಲು ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ, ರೀಲಿನ ಬ್ರೇಕು) ಹೊಂದಿಸುವ ನಾಬ್ ನೋಡುತ್ತೇನೆ. ಅದು ಇನ್ನೊಂದು ಕೂದಲೆಳೆಯಷ್ಟೂ ತಿರುಗದ ಹಾಗೆ ಬಿಗಿದು ಕೂತಿರುತ್ತದೆ. ಯಾವಾಗ ಬಿಗಿ ಮಾಡಿದಿರಿ ಎಂದು ಕೇಳಿದರೆ ಉತ್ತರವೂ ಒಂದೇ. ಮೀನು ಓಡುತ್ತಲೇ ಇತ್ತು, ರೀಲ್ ಖಾಲಿಯಾಗುತ್ತಾ ಬಂತು, ಹೆದರಿಕೆಯಾಯ್ತು, ಬಿಗಿ ಮಾಡಿದೆ.

ಆ ಒಂದು ತಿರುವಿನ ಬಗ್ಗೆಯೇ ಈ ಸಲದ ಅಂಕಣ. ಯಾವ ರಾಡಿಗೆ ಯಾವ ರೀಲ್, ಯಾವ ಗಂಟು, ಲೈಫ್ ಜಾಕೆಟ್ ಬೇಕೋ ಬೇಡವೋ (ಬೇಕು, ಅದರಲ್ಲಿ ಚರ್ಚೆಯಿಲ್ಲ) ಇವೆಲ್ಲ ನಿಮಗೆ ಗೊತ್ತಿದೆ ಎಂದೇ ಇಟ್ಟುಕೊಳ್ಳುತ್ತೇನೆ.

ಇಪ್ಪತ್ತು ಕಿಲೋ ಮೀನು ಹಿಡಿಯಲು ಇಪ್ಪತ್ತು ಕಿಲೋ ಡ್ರ್ಯಾಗ್ ಬೇಕು ಎಂಬ ಲೆಕ್ಕ ತಲೆಯಲ್ಲಿದ್ದರೆ ಮೊದಲು ಅದನ್ನು ತೆಗೆದುಹಾಕಿ. ನೀರೊಳಗಿನ ಮೀನಿನ ತೂಕವನ್ನು ನೀರೇ ಹೊತ್ತಿರುತ್ತದೆ. ದಾರದ ಮೇಲೆ ಬೀಳುವುದು ಅದರ ಓಟದ ಎಳೆತ. ದಾರ ತುಂಡಾಗುವ ಹಂತ ಬರುವ ಮೊದಲೇ ಸೋತು ದಾರ ಬಿಡುವುದು, ಬಿಡುತ್ತಾ ಬಿಡುತ್ತಾ ಮೀನನ್ನು ದಣಿಸುವುದು, ಇಷ್ಟೇ ಡ್ರ್ಯಾಗಿನ ಕೆಲಸ. 1953ರಲ್ಲಿ ಪೆರುವಿನ ಕ್ಯಾಬೊ ಬ್ಲ್ಯಾಂಕೊ ಎದುರಿನ ಕಡಲಲ್ಲಿ ಆಲ್‌ಫ್ರೆಡ್ ಗ್ಲಾಸೆಲ್ ರಾಡ್ ಮತ್ತು ರೀಲಿನಿಂದ ಹಿಡಿದ ಕಪ್ಪು ಮಾರ್ಲಿನ್ 1,560 ಪೌಂಡ್ ತೂಗಿತು, ಅಂದರೆ 700 ಕಿಲೋಗಿಂತ ಹೆಚ್ಚು. ಇಂಥ ದಾಖಲೆಗಳನ್ನು ಇಡುವ ಐಜಿಎಫ್‌ಎ ಸಂಸ್ಥೆ ಇಂದು ಒಪ್ಪುವ ಅತಿ ಗಟ್ಟಿ ದಾರದ ವರ್ಗವೇ 60 ಕಿಲೋ. ಮೀನಿನ ತೂಕಕ್ಕೂ ದಾರದ ತಾಳಿಕೆಗೂ ಎಷ್ಟು ಅಂತರ ಇರಬಹುದು ಎಂದು ನೀವೇ ನೋಡಿ.

ಎಷ್ಟು ಇಡಬೇಕು ಎಂಬುದಕ್ಕೆ ಹಳೆಯ ಅಂದಾಜೇ ಸಾಕು: ದಾರದ ತಾಳಿಕೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ. 24 ಕಿಲೋ ದಾರಕ್ಕೆ 6ರಿಂದ 8 ಕಿಲೋ. ಕೈಯಲ್ಲಿ ಎಳೆದು ನೋಡಿ “ಸರಿ ಇದೆ” ಅನ್ನುವವರನ್ನು ನಾನು ನಂಬುವುದಿಲ್ಲ, ಅವರು ಎಷ್ಟೇ ಅನುಭವಿಗಳಾಗಿರಲಿ. ಒಂದು ಸ್ಪ್ರಿಂಗ್ ತಕ್ಕಡಿ ತನ್ನಿ. ರೀಲನ್ನು ರಾಡಿಗೆ ಹಾಕಿ, ದಾರವನ್ನು ಎಲ್ಲ ಉಂಗುರಗಳಲ್ಲೂ ಹಾಯಿಸಿ, ಮೀನಿನೊಡನೆ ಸೆಣಸುವಾಗ ರಾಡ್ ಎಷ್ಟು ಓರೆ ಇರುತ್ತದೋ ಅಷ್ಟೇ ಓರೆ ಹಿಡಿದು, ಇನ್ನೊಬ್ಬರಿಂದ ತಕ್ಕಡಿ ಎಳೆಸಿ. ರೀಲಿನ ಬಾಯಿಂದ ನೇರವಾಗಿ ಎಳೆದರೆ ಉಂಗುರಗಳ ತಿಕ್ಕಾಟ ಲೆಕ್ಕಕ್ಕೆ ಸಿಗದು. ಎರಡು ಅಂಕಿ ನೋಡಿಕೊಳ್ಳಿ: ಸ್ಪೂಲ್ (ದಾರ ಸುತ್ತಿರುವ ಉರುಳೆ) ಕದಲುವ ಕ್ಷಣದ್ದು, ಕದಲಿದ ಮೇಲೆ ಹರಿಯುವಾಗಿನದು. ಒಳ್ಳೆಯ ಡ್ರ್ಯಾಗಿನಲ್ಲಿ ಎರಡೂ ಹತ್ತಿರ ಹತ್ತಿರ ಇರುತ್ತವೆ. ಮೊದಲನೆಯದು ತುಂಬ ಮೇಲಿದ್ದರೆ ಸ್ಪೂಲನ್ನು ಒತ್ತಿ ತಡೆಯುವ ಬಿಲ್ಲೆ, ಅಂದರೆ ವಾಷರ್, ಅಂಟಿಕೊಂಡಿದೆ ಎಂದರ್ಥ. ರೀಲನ್ನು ಯಾರಿಂದಲಾದರೂ ಬಿಚ್ಚಿಸಿಯೇ ಸಮುದ್ರಕ್ಕೆ ಹೋಗಿ.

ಡಬ್ಬಿಯ ಮೇಲೆ “ಗರಿಷ್ಠ ಡ್ರ್ಯಾಗ್ 30 ಕಿಲೋ” ಎಂದು ಅಚ್ಚಾಗಿರುವುದನ್ನು ನೋಡಿ ರೀಲ್ ಕೊಳ್ಳುವವರೂ ಇದ್ದಾರೆ. ಎರಡು ಮೀಟರ್ ರಾಡಿನ ತುದಿಗೆ 7 ಕಿಲೋ ಎಳೆತ ಬಿದ್ದರೆ, ಬುಡದಿಂದ ಅರವತ್ತು ಸೆಂಟಿಮೀಟರ್ ಮೇಲೆ ಹಿಡಿದ ನಿಮ್ಮ ಕೈಗೆ ಬೀಳುವುದು ಇಪ್ಪತ್ತು ಕಿಲೋಗೂ ಮೇಲೆ. ರಾಡ್ ಬಾಗಿದರೆ ಸ್ವಲ್ಪ ಇಳಿಯುತ್ತದೆ, ನಿಜ. ಆದರೂ ತುದಿಯಲ್ಲಿ 30 ಕಿಲೋ ಎಳೆದರೆ ನಿಲ್ಲಬಲ್ಲ ಮನುಷ್ಯನನ್ನು ನಾನು ನೋಡಬೇಕು.

ಈಗ ನಿಜವಾದ ವಿಷಯ. ಸ್ಪೂಲ್ ತುಂಬ ದಾರ ಇರುವಾಗ ನೀವು 7 ಕಿಲೋ ಇಟ್ಟಿದ್ದೀರಿ, ಆಗ ದಾರದ ಸುತ್ತಿನ ಅಡ್ಡಳತೆ 8 ಸೆಂಟಿಮೀಟರ್ ಅಂದುಕೊಳ್ಳಿ. ಮೀನು ಕಚ್ಚಿತು, ಓಡಿತು. ಸುತ್ತು 6 ಸೆಂಟಿಮೀಟರಿಗೆ ಇಳಿಯುವಷ್ಟರಲ್ಲಿ ದಾರದ ಮೇಲಿನ ಎಳೆತ 9 ಕಿಲೋ ದಾಟಿರುತ್ತದೆ. 4 ಸೆಂಟಿಮೀಟರಿಗೆ ಇಳಿದಾಗ ಅದು 14 ಕಿಲೋ. ನಾಬನ್ನು ಯಾರೂ ಮುಟ್ಟಿಲ್ಲ. ಡ್ರ್ಯಾಗ್ ತಾನಾಗಿಯೇ ಎರಡರಷ್ಟಾಯಿತು.

ಕಾರಣ ಸರಳ. ವಾಷರುಗಳು ಹಿಡಿದಿರುವುದು ಸ್ಪೂಲ್ ತಿರುಗುವುದನ್ನು, ದಾರವನ್ನಲ್ಲ. ಆ ಹಿಡಿತ ಮೊದಲಿನಷ್ಟೇ ಇದೆ. ದಾರವಾದರೋ ಸ್ಪೂಲನ್ನು ತಿರುಗಿಸುವುದು ಸುತ್ತಿನ ಅಂಚಿನಿಂದ, ಆ ಅಂಚು ನಡುವಿನ ಹತ್ತಿರಕ್ಕೆ ಬಂದಷ್ಟೂ ಅದೇ ಸ್ಪೂಲನ್ನು ತಿರುಗಿಸಲು ಹೆಚ್ಚು ಬಲ ಬೇಕು. ಬಾಗಿಲನ್ನು ಒಮ್ಮೆ ಚಿಲಕದ ಬಳಿ ತಳ್ಳಿ, ಇನ್ನೊಮ್ಮೆ ಕೀಲಿನ ಬಳಿ ತಳ್ಳಿ ನೋಡಿ, ಗೊತ್ತಾಗುತ್ತದೆ. ನಕ್ಷತ್ರಾಕಾರದ ಚಕ್ರದಿಂದ ಹೊಂದಿಸುವ ಸ್ಟಾರ್ ಡ್ರ್ಯಾಗ್ ಇರಲಿ, ಹಿಂದೆ ಮುಂದೆ ಸರಿಸುವ ಹಿಡಿಯ ಲೀವರ್ ಡ್ರ್ಯಾಗ್ ಇರಲಿ, ಸ್ಪಿನ್ನಿಂಗ್ ರೀಲ್ ಇರಲಿ, ಎಷ್ಟೇ ದುಬಾರಿಯದಾಗಿರಲಿ, ಇದರಿಂದ ತಪ್ಪಿಸಿಕೊಂಡ ರೀಲ್ ನನ್ನ ಮೇಜಿಗೆ ಬಂದಿಲ್ಲ.

ಇಷ್ಟೇ ಅಲ್ಲ. ಹೊರಗೆ ಹೋದ ಅಷ್ಟೂ ದಾರ ನೀರಿನಲ್ಲಿದೆ. ಮೀನು ಓಡುತ್ತಾ ಪಕ್ಕಕ್ಕೆ ತಿರುಗಿದರೆ ದಾರ ನೀರೊಳಗೆ ಬಿಲ್ಲಿನ ಹಾಗೆ ಬಾಗುತ್ತದೆ, ಆ ಇಡೀ ಬಿಲ್ಲನ್ನು ಮೀನು ನೀರು ಸೀಳಿಕೊಂಡು ಎಳೆಯಬೇಕು. ಅದರ ಭಾರ ಎಷ್ಟು ಎಂಬುದು ದಾರದ ದಪ್ಪ, ಉದ್ದ, ಮೀನಿನ ವೇಗದ ಮೇಲೆ ನಿಂತಿದೆ, ಆದರೆ ಬೀಳುವುದಂತೂ ನಿಜ, ಬೀಳುವುದೂ ದಾರದ ಮೇಲೆಯೇ. ಸ್ಪೂಲಿನ ಬಳಿಯ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಇನ್ನು ಗಂಟು ಹಾಕಿದ ದಾರ ಪೂರ್ತಿ 24 ಕಿಲೋ ತಾಳುತ್ತದೆ ಎಂದು ನಂಬುವವರಿಗೆ ನನ್ನ ನಮಸ್ಕಾರ. ಆತುರದಲ್ಲಿ ಹಾಕಿದ, ಒದ್ದೆ ಮಾಡದೆ ಬಿಗಿದ ಗಂಟು ಅದರಲ್ಲಿ ಒಳ್ಳೆಯ ಪಾಲನ್ನೇ ತಿಂದುಹಾಕಿರುತ್ತದೆ.

ಅಲ್ಲಿಗೆ, ಸ್ಪೂಲ್ ಅರ್ಧಕ್ಕಿಂತ ಖಾಲಿಯಾಗಿ ನಿಮಗೆ ಹೆದರಿಕೆಯಾಗುವ ಹೊತ್ತಿಗೆ ದಾರ ಹೇಗೂ ತುತ್ತತುದಿಯಲ್ಲಿ ನಿಂತಿರುತ್ತದೆ. ನೀವು ಅದೇ ಕ್ಷಣದಲ್ಲಿ ನಾಬ್ ಬಿಗಿ ಮಾಡುತ್ತೀರಿ!

ಮಾಡಬೇಕಾದ್ದು ತದ್ವಿರುದ್ಧ. ಸ್ಪೂಲ್ ಅರ್ಧ ಖಾಲಿಯಾದರೆ ಡ್ರ್ಯಾಗ್ ಸಡಿಲಿಸಿ. ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ದಡದಲ್ಲಿ ತಲೆಯಾಡಿಸಿದವರೇ ದೋಣಿಯಲ್ಲಿ ಮರೆಯುತ್ತಾರೆ: ದಾರ ಕಡಿಮೆಯಾದಂತೆ ಸಡಿಲ. ಸಡಿಲಿಸಿದರೆ ಮೀನು ಉಳಿದ ದಾರವನ್ನೂ ಎಳೆದುಕೊಂಡು ಹೋಗುವುದಿಲ್ಲವೇ ಎಂದು ಕೇಳುತ್ತೀರಿ. ಹೋಗಬಹುದು. ಅದಕ್ಕೇ ದೋಣಿಗೆ ಎಂಜಿನ್ ಇದೆ, ಎಂಜಿನ್ ಬಳಿ ಒಬ್ಬ ಮನುಷ್ಯ ಇದ್ದಾನೆ. ಮೂರನೇ ಒಂದು ಪಾಲು ದಾರ ಹೋದಾಗಲೇ ಅವನಿಗೆ ಕೂಗಿ ಹೇಳಿ. ಅವನು ದೋಣಿಯನ್ನು ಮೀನಿನತ್ತ ತಿರುಗಿಸುತ್ತಾನೆ, ನೀವು ಸುತ್ತುತ್ತಾ ಹೋಗಿ, ಸ್ಪೂಲ್ ತುಂಬಿದ ಮೇಲೆ ಮತ್ತೆ ಮೊದಲಿನ ಗುರುತಿಗೆ ತನ್ನಿ. ಹೋದ ದಾರ ಹೆಚ್ಚಾಗಿ ವಾಪಸ್ ಬರುವುದು ದೋಣಿಯ ಓಟದಿಂದ, ನಿಮ್ಮ ತೋಳಿನಿಂದಲ್ಲ. ಲೀವರ್ ಇದ್ದರೆ ಅಳೆದಿಟ್ಟ ಜಾಗಕ್ಕೆ ಬಣ್ಣದ ಒಂದು ಚುಕ್ಕೆ ಇಟ್ಟುಕೊಳ್ಳಿ, ಗಡಿಬಿಡಿಯಲ್ಲಿ ಹುಡುಕುವುದು ತಪ್ಪುತ್ತದೆ.

ಒಮ್ಮೆ ನಾನು ಜೊತೆಗಿದ್ದ ದೋಣಿಗೆ ಭೌತಶಾಸ್ತ್ರ ಕಲಿಸುವ ಒಬ್ಬ ಮೇಷ್ಟ್ರು ಬಂದಿದ್ದರು. ತುಂಬ ಒಳ್ಳೆಯ ಮನುಷ್ಯ. ಹೊರಡುವ ಮುನ್ನ ನಾನು ಇದನ್ನೆಲ್ಲ ಹೇಳುತ್ತಿದ್ದರೆ ನನ್ನನ್ನು ತಡೆದು, “ಟಾರ್ಕ್ ಅದೇ, ತ್ರಿಜ್ಯ ಕಡಿಮೆ, ಬಲ ಜಾಸ್ತಿ. ಇದನ್ನು ನಾನು ಹುಡುಗರಿಗೆ ಪಾಠ ಮಾಡ್ತೀನಪ್ಪಾ” ಅಂದರು. ಮಧ್ಯಾಹ್ನ ಒಂದು ಟ್ಯೂನಾ ಕಚ್ಚಿತು. ಮೊದಲ ಓಟವನ್ನು ಚೆನ್ನಾಗಿಯೇ ತಾಳಿಕೊಂಡರು. ಎರಡನೇ ಓಟದಲ್ಲಿ ಸ್ಪೂಲಿನ ತಳ ಕಾಣತೊಡಗಿತು. ಅವರ ಬಲಗೈ ಮೆಲ್ಲನೆ ಹೋಗಿ ಸ್ಟಾರನ್ನು ತಿರುಗಿಸಿದ್ದನ್ನು ನಾವೆಲ್ಲ ನೋಡಿದೆವು. “ಮೇಷ್ಟ್ರೇ!” ಎಂದು ಕೂಗುವಷ್ಟರಲ್ಲಿ ಠಳ್ ಅಂದಿತು. ಆಮೇಲೆ ಅವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ತುಂಡಾಗುವ ಹೊತ್ತಿಗೆ ದಾರದ ಮೇಲೆ ಎಷ್ಟು ಬಲ ಬಿದ್ದಿರಬಹುದು ಎಂದು ಲೆಕ್ಕ ಹಾಕಿ ನನಗೆ ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ತಿಳಿದವರ ಕೈಯೂ ಹೀಗೆ ಮಾಡುತ್ತದೆ ಎಂದ ಮೇಲೆ ಹೊಸಬರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಬೈಯುತ್ತೇನೆ.

ಡ್ರ್ಯಾಗೇ ಇಲ್ಲದ ಕಾಲವೂ ಇತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ದೊಡ್ಡ ಟ್ಯೂನಾಗಳ ಹಿಂದೆ ಬಿದ್ದವರು ಸ್ಪೂಲಿನ ಮೇಲೆ ಚರ್ಮದ ತುಂಡೊತ್ತಿ ಹೆಬ್ಬೆರಳಿನಿಂದಲೇ ತಡೆಯುತ್ತಿದ್ದರು. ಮೀನು ಓಡಿದರೆ ರೀಲಿನ ಹಿಡಿಯೂ ಹಿಂದಕ್ಕೆ ಗಿರಗಿರನೆ ತಿರುಗಿ ಬೆರಳ ಗೆಣ್ಣು ಮುರಿಯುತ್ತಿತ್ತು. ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದ ಸುತ್ತ ಮೀನು ಹಿಡಿಯುತ್ತಿದ್ದ ವಿಲಿಯಂ ಬೋಶನ್ ಎಂಬಾತನ ಆಲೋಚನೆಯಿಂದ ರೀಲಿನ ಒಳಗೇ ವಾಷರುಗಳಿರುವ, ಹೊರಗಿನ ನಕ್ಷತ್ರಾಕಾರದ ಚಕ್ರದಿಂದ ಹೊಂದಿಸುವ ಡ್ರ್ಯಾಗ್ ಬಂತು. 1913ರಲ್ಲಿ ಆತ ಅಂಥ ರೀಲಿನಲ್ಲೇ ಕತ್ತಿಮೀನು ಹಿಡಿದ. ಹಿಡಿ ನಿಂತಲ್ಲೇ ನಿಂತಿರುವಾಗ ಸ್ಪೂಲ್ ಮಾತ್ರ ಹಿಂದಕ್ಕೆ ಜಾರುವ ಆ ಸೌಕರ್ಯವನ್ನು ನೀವು ನಾಬ್ ಪೂರ್ತಿ ಬಿಗಿದು ಒಂದೇ ಏಟಿಗೆ ಇಲ್ಲವಾಗಿಸುತ್ತೀರಿ.

ಅಪವಾದಗಳಿವೆ. ಬಂಡೆಯ ಬುಡದಲ್ಲಿ, ಮುಳುಗಿದ ಹಡಗಿನ ಅವಶೇಷಗಳ ನಡುವೆ ಇರುವ ಗ್ರೂಪರ್ ಜಾತಿಯ ಮೀನು ಕಚ್ಚಿದೊಡನೆ ಗೂಡಿಗೆ ನುಗ್ಗುತ್ತದೆ. ಅದಕ್ಕೆ ದಾರ ಬಿಟ್ಟರೆ ಬಂಡೆಗೆ ತಿಕ್ಕಿ ಹೋಯಿತೆಂದೇ ಲೆಕ್ಕ. ಅಲ್ಲಿ ದಪ್ಪ ದಾರ, ಬಿಗಿ ಡ್ರ್ಯಾಗ್, ಮೊದಲ ಕೆಲವು ಮೀಟರುಗಳ ಜಗ್ಗಾಟ, ಅಷ್ಟೇ. ಜಯಂಟ್ ಟ್ರೆವಲ್ಲಿ ಎಂಬ ಮೀನಿಗೆ ಪಾಪರ್ (ನೀರಿನ ಮೇಲ್ಮೈಯಲ್ಲಿ ಎಳೆಯುವ ಕೃತಕ ಆಮಿಷ) ಎಸೆಯುವವರೂ ಗಟ್ಟಿಯಾಗಿಯೇ ಇಡುತ್ತಾರೆ. ಆದರೆ ಅವರೆಲ್ಲ ಇಡುವುದು ಗಾಳ ಬಿಡುವ ಮೊದಲು, ತಕ್ಕಡಿಯಲ್ಲಿ ಅಳೆದು.

ಬ್ರೇಡ್ ದಾರ (ಸಣ್ಣ ಎಳೆಗಳನ್ನು ಹೆಣೆದದ್ದು) ಬಂದ ಮೇಲೆ ಈ ಕಾಟ ಇನ್ನೂ ಹೆಚ್ಚಿದೆ. ನೈಲಾನ್ ದಾರ ಹಿಗ್ಗುತ್ತದೆ, ನಿಮ್ಮ ತಪ್ಪನ್ನು ಸ್ವಲ್ಪ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಬ್ರೇಡ್ ಹಿಗ್ಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ ಬಿಗಿದ ಡ್ರ್ಯಾಗಿನ ಏಟೆಲ್ಲ ನೇರವಾಗಿ ಕೊಕ್ಕೆಗೆ, ಮೀನಿನ ಬಾಯಿಗೆ, ರಾಡಿಗೆ. ಕೊಕ್ಕೆ ಬಿಚ್ಚಿಕೊಂಡು ನೇರವಾಗಿ ಬಂದರೆ ಕೊಕ್ಕೆಯ ಕಂಪನಿಯನ್ನು ಬೈಯುವ ಮೊದಲು ತಕ್ಕಡಿ ನೋಡಿ. ಸಡಿಲವಾಗಿ ಸುತ್ತಿದ ಬ್ರೇಡ್ ಜೋರಾಗಿ ಎಳೆದಾಗ ತನ್ನದೇ ಸುತ್ತುಗಳೊಳಗೆ ಹೂತುಕೊಂಡು ಗಕ್ಕನೆ ನಿಲ್ಲುವುದೂ ಉಂಟು, ಆಗ ಡ್ರ್ಯಾಗ್ ಎಷ್ಟಿದ್ದರೂ ಒಂದೇ.

ಕ್ಷಣಕಾಲ ಹೆಚ್ಚು ತಡೆ ಬೇಕೇಬೇಕು ಅನಿಸಿದರೆ ಕೈಗವಸು ತೊಟ್ಟ ಅಂಗೈಯನ್ನು ಸ್ಪೂಲಿನ ಅಂಚಿಗೆ ಒತ್ತಿ. ಸಾಕೆನಿಸಿದೊಡನೆ ಎತ್ತಬಹುದು. ತಿರುಗಿಸಿದ ನಾಬನ್ನು ಅಷ್ಟು ಬೇಗ ಹಿಂದಕ್ಕೆ ತರಲಾಗದು. ಬರಿಗೈಯಲ್ಲಿ ಓಡುವ ಬ್ರೇಡ್ ಮುಟ್ಟಬೇಡಿ, ಲೀಡರನ್ನು (ಕೊಕ್ಕೆಗೆ ಕಟ್ಟಿದ ಕೊನೆಯ ದಾರದ ತುಂಡು) ಕೈಗೆ ಸುತ್ತಿಕೊಳ್ಳಬೇಡಿ, ಅದು ಪಳಗಿದವರ ಕೆಲಸ. ಸೊಂಟದ ಹಾರ್ನೆಸ್ಸನ್ನು ರೀಲಿಗೆ ಸಿಕ್ಕಿಸಿಕೊಂಡು ಡ್ರ್ಯಾಗ್ ಬಿಗಿಯುವವರನ್ನು ಕಂಡರೆ ಮಾತ್ರ ನನಗೆ ನಿಜಕ್ಕೂ ಕೋಪ ಬರುತ್ತದೆ. ದಾರ ತುಂಡಾಗದಿದ್ದರೆ ದೋಣಿಯ ಅಂಚಿನಿಂದ ಹೊರಗೆ ಹೋಗುವುದು ನೀವು.

ಬಾಡಿಗೆ ದೋಣಿಯಲ್ಲಿ ಹೋಗುವವರಿಗೆ ಒಂದು ಮಾತು. ಅಲ್ಲಿನ ಸಹಾಯಕ ಬೆಳಿಗ್ಗೆಯೇ ಡ್ರ್ಯಾಗ್ ಅಳೆದು ಇಟ್ಟಿರುತ್ತಾನೆ. ಅದು ಸಡಿಲ ಅನಿಸಿದರೆ ಅವನನ್ನು ಕೇಳಿ, ಅವನು ಅತ್ತ ತಿರುಗಿದಾಗ ತಿರುಗಿಸಬೇಡಿ. ಲೀವರ್ ರೀಲಿನಲ್ಲಂತೂ ಪ್ರಿಸೆಟ್ ನಾಬನ್ನು (ಲೀವರ್ ಎಷ್ಟು ಬಿಗಿಯಬೇಕೆಂದು ಮೊದಲೇ ಹೊಂದಿಸುವ ತಿರುಪು) ಲೀವರ್ ಪೂರ್ತಿ ಹಿಂದಿದ್ದಾಗ ಮಾತ್ರ ತಿರುಗಿಸಬೇಕು. ಮೀನು ಎಳೆಯುತ್ತಿರುವಾಗ ಅದಕ್ಕೆ ಕೈ ಹಾಕಿದರೆ ಅಳತೆಯೂ ಹಾಳು, ಒಳಗಿನ ಭಾಗಗಳೂ ಹಾಳು.

ವಾಪಸ್ ಬಂದ ಮೇಲೆ ಡ್ರ್ಯಾಗನ್ನು ಹಗುರವಾಗಿ ಬಿಗಿ ಮಾಡಿ (ಹೌದು, ಇಲ್ಲಿ ಬಿಗಿ ಮಾಡಬಹುದು, ವಾಷರಿಗೆ ನೀರು ಇಳಿಯದಿರಲಿ ಎಂದು) ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ ತೊಳೆಯಿರಿ. ಜೋರಾದ ಪೈಪಿನ ನೀರು ಉಪ್ಪನ್ನು ಒಳಕ್ಕೆ ನುಗ್ಗಿಸುತ್ತದೆ, ಬಕೆಟ್ಟಿನಲ್ಲಿ ಮುಳುಗಿಸುವುದೂ ಬೇಡ. ನೆರಳಲ್ಲಿ ಒಣಗಿದ ಮೇಲೆ ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಇಡಿ. ಮುಂದಿನ ರಜೆಯವರೆಗೆ ಬಿಗಿಯಾಗಿಯೇ ಬಿಟ್ಟರೆ ವಾಷರುಗಳು ಒತ್ತಿ ಅಂಟಿಕೊಳ್ಳುತ್ತವೆ. ಗ್ರೀಸ್ ಹಚ್ಚುವ ಉತ್ಸಾಹ ಬಂದರೆ ಮೊದಲು ರೀಲಿನ ಜೊತೆ ಬಂದ ಕೈಪಿಡಿ ನೋಡಿ: ಕೆಲವು ವಾಷರುಗಳಿಗೆ ಡ್ರ್ಯಾಗ್ ಗ್ರೀಸ್ ಬೇಕು, ಕೆಲವು ಒಣಗಿಯೇ ಇರಬೇಕು. ಕೈಪಿಡಿ ಕಳೆದುಹೋಗಿದ್ದರೆ ಏನೂ ಹಚ್ಚದೆ ತನ್ನಿ. ಅಡುಗೆ ಎಣ್ಣೆ ಹಾಕಿ ತಂದವರೂ ಇದ್ದಾರೆ, ಅವರ ರೀಲ್ ಇನ್ನೂ ನನ್ನ ಮೇಜಿನ ಮೇಲಿದೆ.