ಇಂಟೆಲ್ ಲ್ಯಾಪ್‌ಟಾಪ್‌ಗೆ 'ಎಎಂಡಿ64' ಫೈಲ್ ಯಾಕೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿರೋದು ಇಂಟೆಲ್ ಪ್ರೊಸೆಸರ್. ಉಬುಂಟು ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕೋಣ ಅಂತ ನೋಡಿದರೆ ಫೈಲಿನ ಹೆಸರಲ್ಲಿ 'ಎಎಂಡಿ64' ಅಂತಿದೆ. ಅದು ನನಗೆ ಆಗುತ್ತಾ?

ಧಾರಾಳವಾಗಿ ಆಗುತ್ತದೆ, ಅದನ್ನೇ ಹಾಕಿಕೊಳ್ಳಿ. ನಿಮ್ಮ ಇಂಟೆಲ್ ಪ್ರೊಸೆಸರ್ ಇವತ್ತು ಓಡಿಸುವ 64 ಬಿಟ್ ಇನ್‌ಸ್ಟ್ರಕ್ಷನ್‌ಗಳನ್ನು (ಪ್ರೊಸೆಸರ್‌ಗೆ ಕೊಡುವ ಆಜ್ಞೆಗಳನ್ನು) ಮೊದಲು ರೂಪಿಸಿದ್ದು ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿ. ಆಮೇಲೆ ಅದನ್ನು ಇಂಟೆಲ್ ತನ್ನದಾಗಿಸಿಕೊಂಡಿತು.

ಮೆಮೊರಿಯ ಜಾಗ ಗುರುತಿಸುವ ವಿಳಾಸ 32 ಬಿಟ್ ಇದ್ದರೆ ನೇರವಾಗಿ ಮುಟ್ಟಬಹುದಾದದ್ದು 4 ಜಿಬಿ ಮೆಮೊರಿ ಮಾತ್ರ. ದೊಡ್ಡ ಡೇಟಾಬೇಸ್ ಇಟ್ಟುಕೊಂಡವರಿಗೆ ಇದು ಸಾಲುತ್ತಿರಲಿಲ್ಲ. ಹಾಗಾಗಿ ದುಬಾರಿ ಯಂತ್ರಗಳು ಬೇಗನೆ 64ಕ್ಕೆ ದಾಟಿದವು: 1991ರಲ್ಲಿ ಮಿಪ್ಸ್ ಆರ್4000, 1992ರಲ್ಲಿ ಡಿಇಸಿ ಕಂಪನಿಯ ಆಲ್ಫಾ, 1995ರಲ್ಲಿ ಸನ್ ಕಂಪನಿಯ ಅಲ್ಟ್ರಾಸ್ಪಾರ್ಕ್. ಸಾಮಾನ್ಯ ಪಿಸಿ ಮಾತ್ರ 32ರಲ್ಲೇ ಉಳಿದಿತ್ತು.

ಇಂಟೆಲ್ 1994ರಲ್ಲಿ ಎಚ್‌ಪಿ ಜೊತೆ ಸೇರಿ ಹೊಸ ವಿನ್ಯಾಸಕ್ಕೇ ಕೈಹಾಕಿತು. 2001ರಲ್ಲಿ ಬಂದ ಇಟಾನಿಯಂ ಪ್ರೊಸೆಸರ್ ಅದರ ಫಲ. ಯಾವ ಯಾವ ಕೆಲಸ ಒಟ್ಟಿಗೆ ನಡೆಯಬಹುದು ಅನ್ನೋದನ್ನು ಪ್ರೊಸೆಸರ್ ಬದಲು ಕಂಪೈಲರ್ (ಬರೆದ ಪ್ರೋಗ್ರಾಮನ್ನು ಇನ್‌ಸ್ಟ್ರಕ್ಷನ್‌ಗಳಾಗಿ ಬದಲಿಸುವ ಸಾಫ್ಟ್‌ವೇರ್) ಮೊದಲೇ ಲೆಕ್ಕ ಹಾಕಿಡಬೇಕಿತ್ತು. ಯೋಚನೆ ನಿಜಕ್ಕೂ ಚೆನ್ನಾಗಿತ್ತು. ಆದರೆ ಮೆಮೊರಿಯಿಂದ ಡೇಟಾ ಎಷ್ಟು ಹೊತ್ತಿಗೆ ಬರುತ್ತದೆ ಅನ್ನೋದು ಪ್ರೋಗ್ರಾಂ ಓಡುವಾಗಲೇ ಗೊತ್ತಾಗೋದು, ಕಂಪೈಲರ್‌ಗೆ ಹೇಗೆ ತಿಳಿಯಬೇಕು? ಇನ್ನೊಂದು ಪೆಟ್ಟು ಇದಕ್ಕಿಂತ ಜೋರಾಗಿ ಬಿತ್ತು. ಹಳೆಯ 32 ಬಿಟ್ ಪ್ರೋಗ್ರಾಂಗಳು ಅದರ ಮೇಲೆ ತೀರಾ ನಿಧಾನವಾಗಿ ಓಡುತ್ತಿದ್ದವು. ಹೊಸ ಯಂತ್ರ ಕೊಂಡವರ ಹಳೇ ಕೆಲಸವೇ ಕುಂಟಿದರೆ ಯಾರು ತಾನೇ ಕೊಳ್ಳುತ್ತಾರೆ?

ಎಎಂಡಿ ಹಳೆಯದನ್ನು ಕೆಡವಲಿಲ್ಲ, ಅದರ ಮೇಲೇ ಕಟ್ಟಿತು. ಒಂದು ಸಣ್ಣ ಉದಾಹರಣೆ ನೋಡಿ. ಹೆಕ್ಸ್ (16ರ ಆಧಾರದ) ಲೆಕ್ಕದ 48 ಅನ್ನೋ ಬೈಟ್‌ಗೆ 32 ಬಿಟ್‌ನಲ್ಲಿ 'ಈ ರಿಜಿಸ್ಟರ್‌ನಿಂದ ಒಂದು ಕಳೆ' ಅಂತ ಅರ್ಥ. ರಿಜಿಸ್ಟರ್ ಅಂದರೆ ಪ್ರೊಸೆಸರ್ ಒಳಗೆ ಲೆಕ್ಕದ ಸಂಖ್ಯೆ ಇಡುವ ಪುಟ್ಟ ಜಾಗ. ಒಂದು ಕಳೆಯೋಕೆ ಬೇರೆ ಇನ್‌ಸ್ಟ್ರಕ್ಷನ್ ಹೇಗೂ ಇತ್ತು. ಆದ್ದರಿಂದ 64 ಬಿಟ್ ಮೋಡ್‌ನಲ್ಲಿ ಅದೇ ಬೈಟ್‌ಗೆ 'ಮುಂದಿನ ಇನ್‌ಸ್ಟ್ರಕ್ಷನ್ನನ್ನು 64 ಬಿಟ್ ಅಗಲದಲ್ಲಿ ನಡೆಸು' ಎಂಬ ಕೆಲಸ ಕೊಟ್ಟರು. ಅದರ ಪಕ್ಕದ ಬೈಟ್‌ಗಳನ್ನೂ ಹೀಗೇ ಬಳಸಿ, 8 ಇದ್ದ ರಿಜಿಸ್ಟರ್‌ಗಳನ್ನು 16 ಮಾಡಿದರು. 32 ಬಿಟ್ ಪ್ರೋಗ್ರಾಂಗಳಿಗೆ ಹಳೆಯ ಅರ್ಥವೇ ಉಳಿಯಿತು, ಅವು ಪೂರ್ತಿ ವೇಗದಲ್ಲೇ ಓಡಿದವು. ಇಷ್ಟು ಕಡಿಮೆ ಬದಲಾವಣೆಯಿಂದ ಇಷ್ಟು ದೊಡ್ಡ ದಾಟು ಸಾಧಿಸಿದ್ದು ನನಗೆ ಇವತ್ತಿಗೂ ಬೆರಗು.

2003ರ ಏಪ್ರಿಲ್‌ನಲ್ಲಿ ಸರ್ವರ್‌ಗಳಿಗೆ ಆಪ್ಟೆರಾನ್ ಬಂತು, ಸೆಪ್ಟೆಂಬರ್‌ನಲ್ಲಿ ಪಿಸಿಗಳಿಗೆ ಅಥ್ಲಾನ್ 64. 2004ರಲ್ಲಿ ಇಂಟೆಲ್ ಕೂಡ ಇದೇ ಇನ್‌ಸ್ಟ್ರಕ್ಷನ್‌ಗಳನ್ನು ತನ್ನ ಪ್ರೊಸೆಸರ್‌ಗಳಿಗೆ ಸೇರಿಸಿತು. ಇಟಾನಿಯಂ ಕೆಲವು ದೊಡ್ಡ ಸರ್ವರ್‌ಗಳಲ್ಲಿ ಉಳಿದು, 2021ರಲ್ಲಿ ನಿಂತುಹೋಯಿತು. ಅಷ್ಟರಲ್ಲಿ ಎಎಂಡಿ ಇಟ್ಟ ಹೆಸರು ಲಿನಕ್ಸ್‌ನಲ್ಲಿ ಬೇರೂರಿತ್ತು. ಇಂಟೆಲ್ ಇರುವ ವಿಂಡೋಸ್ ಕೂಡ ಒಳಗೊಳಗೆ ಅದನ್ನು 'ಎಎಂಡಿ64' ಅಂತಲೇ ಗುರುತಿಸುತ್ತದೆ.

ಮೊಬೈಲ್‌ಗಳ ಪ್ರೊಸೆಸರ್ ವಿನ್ಯಾಸ ರೂಪಿಸುವ ಆರ್ಮ್ ಕಂಪನಿ ಬೇರೆ ದಾರಿ ಹಿಡಿಯಿತು. 2011ರಲ್ಲಿ ಪ್ರಕಟಿಸಿದ ತನ್ನ 64 ಬಿಟ್ ಇನ್‌ಸ್ಟ್ರಕ್ಷನ್‌ಗಳನ್ನು ಹೊಸದಾಗಿಯೇ ಬರೆಯಿತು, ಹಳೆಯ 32 ಬಿಟ್ ಓಡಿಸಲು ಬೇರೆಯೇ ಮೋಡ್ ಇಟ್ಟಿತು. 2013ರ ಐಫೋನ್ 5ಎಸ್ ಇದನ್ನು ಜನರ ಕೈಗೆ ತಂದಿತು. ಈಗ ಕೆಲವು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲೂ ಆರ್ಮ್ ಆಧಾರಿತ ಸ್ನಾಪ್‌ಡ್ರ್ಯಾಗನ್ ಚಿಪ್ ಬರುತ್ತಿದೆ. ಅಂಥದ್ದಕ್ಕೆ ಮಾತ್ರ 'ಎಎಂಡಿ64' ಬೇಡ, 'ಆರ್ಮ್64' ಫೈಲ್ ಹುಡುಕಿ.